ಜಾಲತಾಣದ ಹೊರರೂಪವೂ ಗ್ರಾಹಕರ ವಿಶ್ವಾಸವೂ

ವರ್ತಕರೊಬ್ಬರು ಹೊಸ ಅಂಗಡಿ ತೆರೆಯುವಾಗ ನಾಮಫಲಕದ ವಿಷಯದಲ್ಲಿ ತೋರುವ ಕಾಳಜಿ ಸಣ್ಣದಲ್ಲ. ಅಕ್ಷರ ಎಷ್ಟು ದೊಡ್ಡದಿರಬೇಕು, ಬಣ್ಣ ಯಾವುದಿರಬೇಕು, ರಸ್ತೆಯ ಆಚೆ ಬದಿಯಿಂದ ಓದಲು ಬರುತ್ತದೆಯೇ ಎಂಬುದನ್ನು ತಾವೇ ರಸ್ತೆ ದಾಟಿ ನಿಂತು ನೋಡುತ್ತಾರೆ. ಅದೇ ವರ್ತಕರು ಜಾಲತಾಣ ಮಾಡಿಸುವಾಗ ಮಾತ್ರ ಕೆಲಸವನ್ನು ಯಾರಿಗೋ ಒಪ್ಪಿಸಿ, ಹಣ ಸಂದಾಯ ಮಾಡಿ, ಮುಂದೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಜಾಲತಾಣವೂ ಒಂದು ನಾಮಫಲಕವೇ. ವ್ಯತ್ಯಾಸವಿಷ್ಟೆ: ಅದನ್ನು ಓದುವವರು ನಮ್ಮ ಬೀದಿಯಲ್ಲಿ ಇರುವುದಿಲ್ಲ, ಓದಲು ಬಾರದಿದ್ದರೆ ಒಳಗೆ ಬಂದು ಹೇಳುವುದೂ ಇಲ್ಲ.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ ನಡೆಸುತ್ತಿರುವ ಪರಿಚಿತ ಉದ್ಯಮಿಯೊಬ್ಬರ ಅನುಭವವನ್ನು ಇಲ್ಲಿ ಹೇಳುವುದು ಉಚಿತವಾದೀತು. ಪಂಪು ಮತ್ತು ವಾಲ್ವುಗಳಿಗೆ ಬೇಕಾಗುವ ಎರಕದ ಬಿಡಿಭಾಗಗಳು ಅವರ ತಯಾರಿಕೆ. ಅವರ ಜಾಲತಾಣ ಸಿದ್ಧವಾದದ್ದು 2009ರಲ್ಲಿ. ಮುಖಪುಟ ತೆರೆದೊಡನೆ ಕರಗಿದ ಕಬ್ಬಿಣ ಹರಿದು, ಅದರೊಳಗಿನಿಂದ ಕಂಪನಿಯ ಹೆಸರು ತಿರುಗುತ್ತ ಮೇಲೇಳುವ ದೃಶ್ಯವೊಂದು ಓಡುತ್ತಿತ್ತು. ಅದನ್ನು ಕಂಡು ಬಂಧುಬಳಗದವರೆಲ್ಲ ಮೆಚ್ಚಿದ್ದರು. ಆ ದೃಶ್ಯವನ್ನು ಫ್ಲ್ಯಾಶ್ ತಂತ್ರಜ್ಞಾನದಲ್ಲಿ ರಚಿಸಲಾಗಿತ್ತು. ಮೊಬೈಲುಗಳಲ್ಲಿ ಅದು ಮೊದಲಿನಿಂದಲೂ ಸರಿಯಾಗಿ ಓಡಿರಲಿಲ್ಲ. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನು ಪೂರ್ಣವಾಗಿ ನಿಲ್ಲಿಸಿದ ಮೇಲೆ ಗಣಕಯಂತ್ರಗಳಲ್ಲಿಯೂ ಅದು ಕಾಣದಾಯಿತು. ಮುಖಪುಟದಲ್ಲಿ ಉಳಿದದ್ದು ಒಂದು ಬೂದುಬಣ್ಣದ ಚೌಕ ಮಾತ್ರ. ಉದ್ಯಮಿಗೆ ಇದು ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಪುಣೆಯ ಕಂಪನಿಯೊಂದರ ಖರೀದಿ ಅಧಿಕಾರಿಯು ಬೇರಾವುದೋ ಸಂದರ್ಭದಲ್ಲಿ ಭೇಟಿಯಾದಾಗ, "ನಿಮ್ಮ ಕಾರ್ಖಾನೆ ಮುಚ್ಚಿದೆ ಎಂದೇ ತಿಳಿದಿದ್ದೆವು, ಆದ್ದರಿಂದ ಕೊಟೇಶನ್ ಕೇಳಲಿಲ್ಲ" ಎಂದರಂತೆ. ಆ ವೇಳೆಗೆ ಆರ್ಡರು ಕೊಲ್ಹಾಪುರಕ್ಕೆ ಹೋಗಿಯಾಗಿತ್ತು.

ಉತ್ತಮ ಎರಕ, ಸಕಾಲಕ್ಕೆ ಸರಬರಾಜು, ಎರಡು ತಲೆಮಾರಿನ ಹೆಸರು ಎಲ್ಲವೂ ಇದ್ದು, ಒಂದು ಬೂದುಬಣ್ಣದ ಚೌಕದಿಂದ ವ್ಯವಹಾರ ಕೈತಪ್ಪಿತು ಎಂಬುದು ಯೋಚಿಸತಕ್ಕ ವಿಷಯ.

ಕಣ್ಣು ಮೊದಲು, ಓದು ಆಮೇಲೆ

ರೂಪವನ್ನು ನೋಡಿ ಗುಣವನ್ನು ಅಳೆಯುವುದು ತಪ್ಪೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ವ್ಯವಹಾರದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ. ಜೆ. ಫಾಗ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 2,684 ಜನರಿಗೆ ಜಾಲತಾಣಗಳನ್ನು ತೋರಿಸಿ, ಯಾವುದು ನಂಬಿಕೆಗೆ ಅರ್ಹ, ಏಕೆ ಎಂದು ಕೇಳಲಾಯಿತು. ಶೇ 46ಕ್ಕೂ ಹೆಚ್ಚು ಮಂದಿ ತಮ್ಮ ತೀರ್ಮಾನಕ್ಕೆ ಕೊಟ್ಟ ಕಾರಣಗಳಲ್ಲಿ ತಾಣದ ನೋಟವೂ ಒಂದಾಗಿತ್ತು. ಮಾಹಿತಿಯ ನಿಖರತೆಗಿಂತಲೂ ನೋಟದ ಪ್ರಸ್ತಾಪವೇ ಹೆಚ್ಚಾಗಿತ್ತು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಇನ್ನೂ ಮುಂದೆ ಹೋಗಿ, ಒಂದು ಪುಟ ಚೆನ್ನಾಗಿದೆಯೋ ಇಲ್ಲವೋ ಎಂಬ ಅಭಿಪ್ರಾಯವು 50 ಮಿಲಿಸೆಕೆಂಡುಗಳಲ್ಲಿ, ಅಂದರೆ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ, ಮೂಡಿಬಿಡುತ್ತದೆ ಎಂದು ತೋರಿಸಿದರು. ಅಷ್ಟು ಹೊತ್ತಿನಲ್ಲಿ ಯಾರೂ ಒಂದು ಪದವನ್ನೂ ಓದಲಾರರು.

ಇವು ಪರದೇಶದ ಪ್ರಯೋಗಗಳು, ನಮ್ಮ ಗಿರಾಕಿಗಳು ಹಾಗಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಹೊಸ ಊರಿನಲ್ಲಿ ಊಟಕ್ಕೆ ಖಾನಾವಳಿ ಹುಡುಕುವಾಗ ನಾವು ಏನು ಮಾಡುತ್ತೇವೆ? ಬಾಗಿಲಿನಲ್ಲಿ ನಿಂತು ಮೇಜು, ನೆಲ, ತಟ್ಟೆಗಳತ್ತ ಒಮ್ಮೆ ಕಣ್ಣಾಡಿಸಿ ಒಳಗೆ ಹೋಗುತ್ತೇವೆ ಅಥವಾ ಮುಂದಿನ ಖಾನಾವಳಿಗೆ ನಡೆಯುತ್ತೇವೆ. ಅಡುಗೆಯ ರುಚಿಯನ್ನು ಯಾರೂ ಬಾಗಿಲಿನಲ್ಲಿ ಪರೀಕ್ಷಿಸುವುದಿಲ್ಲ.

ಮೊದಲ ಪರದೆ

ನಮ್ಮ ಉದ್ಯಮಿ ಬುದ್ಧಿ ಕಲಿತು ಜಾಲತಾಣವನ್ನು ಹೊಸದಾಗಿ ಮಾಡಿಸಿದರು. ಆದರೆ ಅದು ಒಂದು ತಪ್ಪನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಯಿತು. ಈ ಸಲ ಮುಖಪುಟದಲ್ಲಿ ಐದು ದೊಡ್ಡ ಚಿತ್ರಗಳು ಒಂದಾದ ಮೇಲೊಂದು ತಾವಾಗಿಯೇ ಸರಿಯುತ್ತಿದ್ದವು. ಒಂದರಲ್ಲಿ ಕೋಟು ಧರಿಸಿದ ಇಬ್ಬರು ವಿದೇಶೀಯರು ಕೈಕುಲುಕುತ್ತಿದ್ದರು. ಇನ್ನೊಂದರಲ್ಲಿ ಹಳದಿ ಹೆಲ್ಮೆಟ್ಟಿನ ಮಹಿಳೆಯೊಬ್ಬರು ಗಾಜಿನ ಕಟ್ಟಡದ ಮುಂದೆ ನಗುತ್ತಿದ್ದರು. "ಗುಣಮಟ್ಟವೇ ನಮ್ಮ ಉಸಿರು" ಎಂಬ ಸಾಲು ಇಂಗ್ಲಿಷಿನಲ್ಲಿತ್ತು. ಅವರು ಏನನ್ನು ತಯಾರಿಸುತ್ತಾರೆ ಎಂಬುದು ಮಾತ್ರ ಮೂರು ಸಲ ಬೆರಳಾಡಿಸಿ ಕೆಳಗಿಳಿಯುವವರೆಗೆ ಎಲ್ಲಿಯೂ ಇರಲಿಲ್ಲ.

ಸರಿಯುವ ಚಿತ್ರಮಾಲೆಯ ಮೋಹ ನಮ್ಮಲ್ಲಿ ಬಹಳ. ಅಮೆರಿಕದ ನೋಟ್ರ ಡಾಮ್ ವಿಶ್ವವಿದ್ಯಾಲಯವು ತನ್ನ ಜಾಲತಾಣದ ಇಂತಹ ಚಿತ್ರಮಾಲೆಯನ್ನು ಎಷ್ಟು ಜನ ಒತ್ತುತ್ತಾರೆಂದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿತು: ನೂರು ಭೇಟಿಗಳಿಗೆ ಸುಮಾರು ಒಂದು, ಅದರಲ್ಲಿಯೂ ಬಹುಪಾಲು ಮೊದಲನೆಯ ಚಿತ್ರಕ್ಕೇ. ಎರಡನೆಯದರಿಂದ ಐದನೆಯದರವರೆಗಿನ ಚಿತ್ರಗಳು ಇದ್ದೂ ಇಲ್ಲದಂತೆ. ತಾನಾಗಿ ಚಲಿಸುವುದನ್ನು ಜಾಹೀರಾತೆಂದು ಬಗೆದು ಕಣ್ಣು ಬೇರೆಡೆಗೆ ಹೊರಳುವುದು ಅಂತರ್ಜಾಲದ ಬಳಕೆದಾರರಿಗೆಲ್ಲ ಅಭ್ಯಾಸವಾಗಿಹೋಗಿದೆ. ಒಂದೇ ಒಂದು ಒಳ್ಳೆಯ ಚಿತ್ರ, ಅಲುಗಾಡದೆ ನಿಂತರೆ ಸಾಕು.

ಮೊದಲ ಪರದೆಯಲ್ಲಿ, ಅಂದರೆ ಪುಟವನ್ನು ಸರಿಸುವ ಮುನ್ನ ಕಾಣುವ ಜಾಗದಲ್ಲಿ, ಏನಿರಬೇಕು? ಏನು ಮಾಡುತ್ತೀರಿ, ಎಲ್ಲಿದ್ದೀರಿ, ಹೇಗೆ ಸಂಪರ್ಕಿಸಬೇಕು ಎಂಬ ಮೂರು ಸಂಗತಿಗಳು ಇದ್ದರೆ ಉಳಿದವು ಕೆಳಗೆ ಬರಲಿ. ನಮ್ಮ ಉದ್ಯಮಿಯ ತಾಣದಲ್ಲಿ ಈಗ ಇರುವ ಮೊದಲ ವಾಕ್ಯ ಹೀಗಿದೆ: "ಪಂಪು ಮತ್ತು ವಾಲ್ವುಗಳಿಗೆ 2ರಿಂದ 60 ಕಿಲೋ ತೂಕದ ಕಬ್ಬಿಣದ ಎರಕ, ಬೆಳಗಾವಿ." ಅದರ ಕೆಳಗೆ ದೂರವಾಣಿ ಸಂಖ್ಯೆ. ಖರೀದಿ ಅಧಿಕಾರಿಗೆ ತನಗೆ ಬೇಕಾದ 40 ಕಿಲೋ ತೂಕದ ಬಿಡಿಭಾಗ ಇಲ್ಲಿ ದೊರೆಯುತ್ತದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. "ಜಾಗತಿಕ ಮಟ್ಟದ ಸಮಗ್ರ ಪರಿಹಾರಗಳು" ಎಂಬಂತಹ ಮಾತು ಯಾರಿಗೂ ಏನನ್ನೂ ತಿಳಿಸದು.

ಮೊದಲ ಪರದೆ ಎಂದಾಗ ಇಂದು ಅರ್ಥ ಮಾಡಿಕೊಳ್ಳಬೇಕಾದದ್ದು ಮೊಬೈಲಿನ ಪರದೆಯನ್ನು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ದತ್ತಾಂಶದ ದರ ಕುಸಿದ ಮೇಲೆ ನಮ್ಮ ದೇಶದ ಕೋಟ್ಯಂತರ ಜನ ಅಂತರ್ಜಾಲವನ್ನು ಮೊದಲು ಕಂಡದ್ದೇ ಮೊಬೈಲಿನಲ್ಲಿ. ಆದರೂ ವಿನ್ಯಾಸಕರು ದೊಡ್ಡ ಪರದೆಯ ಮೇಲೆ ಕೆಲಸ ಮಾಡಿ, ದೊಡ್ಡ ಪರದೆಯಲ್ಲೇ ನಮಗೆ ತೋರಿಸಿ ಒಪ್ಪಿಗೆ ಪಡೆಯುತ್ತಾರೆ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ವಿಧಾನವನ್ನು ಈಥನ್ ಮಾರ್ಕಾಟ್ ಎಂಬ ವಿನ್ಯಾಸಕರು 2010ರಲ್ಲಿ ವಿವರಿಸಿದರು. ಈಗ ಅದು ಸಾರ್ವತ್ರಿಕ. ಗೂಗಲ್ ಸಂಸ್ಥೆಯೂ 2015ರ ಏಪ್ರಿಲಿನಿಂದ ಮೊಬೈಲಿಗೆ ಹೊಂದದ ಪುಟಗಳನ್ನು ಮೊಬೈಲಿನ ಹುಡುಕಾಟದಲ್ಲಿ ಹಿಂದಕ್ಕೆ ತಳ್ಳತೊಡಗಿತು. ಒಪ್ಪಿಗೆ ಕೊಡುವ ಮುನ್ನ ನಿಮ್ಮ ಸ್ವಂತ ಮೊಬೈಲಿನಲ್ಲಿ, ಸಾಧ್ಯವಾದರೆ ಅಂಗಡಿಯ ಹುಡುಗನ ಅಗ್ಗದ ಮೊಬೈಲಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ನಿಂತು ಒಮ್ಮೆ ನೋಡಿರಿ. ದೂರವಾಣಿ ಸಂಖ್ಯೆಯನ್ನು ಬೆರಳಿನಿಂದ ಮುಟ್ಟಿದೊಡನೆ ಕರೆ ಹೋಗಬೇಕು. ಅದು ಚಿತ್ರದೊಳಗೆ ಅಚ್ಚಾಗಿದ್ದರೆ ಕರೆ ಹೋಗುವುದಿಲ್ಲ. ಗ್ರಾಹಕರು ಕಾಗದ ಹುಡುಕಿ ಬರೆದುಕೊಳ್ಳಬೇಕಾಗುತ್ತದೆ, ಯಾರೂ ಬರೆದುಕೊಳ್ಳುವುದಿಲ್ಲ. ಗುಂಡಿಗಳು ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು: ಆಪಲ್ ಸಂಸ್ಥೆ 44 ಮಾನಗಳನ್ನೂ ಗೂಗಲ್ 48 ಮಾನಗಳನ್ನೂ ಕನಿಷ್ಠವೆಂದು ಸೂಚಿಸಿವೆ. ಲೇತಿನ ಮುಂದೆ ದುಡಿದು ಒರಟಾದ ಬೆರಳುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಸ್ವಲ್ಪ ದೊಡ್ಡದಾದರೂ ತಪ್ಪಿಲ್ಲ.

ಕನ್ನಡದ ಅಕ್ಷರಗಳಿಗೆ ಬೇಕಾದ ಜಾಗ

ಅಕ್ಷರಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ವಿನ್ಯಾಸದ ಬಗೆಗಿನ ಪುಸ್ತಕಗಳೆಲ್ಲ ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಬರೆದವು. ಸಿದ್ಧ ಮಾದರಿಗಳೂ ಹಾಗೆಯೇ. ಅವುಗಳಲ್ಲಿ ಕನ್ನಡವನ್ನು ತುಂಬಿದಾಗ ತೊಂದರೆಗಳು ತಲೆದೋರುತ್ತವೆ.

ಕನ್ನಡದ ಅಕ್ಷರವು ಸಾಲಿನ ಕೆಳಕ್ಕೂ ಇಳಿಯುತ್ತದೆ, ಮೇಲಕ್ಕೂ ಏರುತ್ತದೆ. "ಕೃಷ್ಣ", "ರಾಷ್ಟ್ರ", "ವಸ್ತ್ರ" ಎಂಬ ಪದಗಳಲ್ಲಿ ಒತ್ತಕ್ಷರಗಳು ಕೆಳಗೆ ಜೋತುಬೀಳುತ್ತವೆ; ಗುಣಿತದ ಗುಡಿಸುಗಳು ಮೇಲೆ ಹರಡುತ್ತವೆ. ಇಂಗ್ಲಿಷಿಗೆಂದು ನಿಗದಿ ಮಾಡಿದ ಸಾಲುಗಳ ಅಂತರದಲ್ಲಿ ಇವನ್ನು ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಂಡಿಗಳ ಒಳಗಿನ ಬರಹದಲ್ಲಂತೂ ಒತ್ತಕ್ಷರದ ಕೆಳಭಾಗ ಕತ್ತರಿಸಿಯೇ ಹೋಗಿರುತ್ತದೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಸುಮಾರು ಒಂದೂವರೆ ಪಟ್ಟು ಅಂತರ ಸಾಕಾದರೆ, ಕನ್ನಡಕ್ಕೆ 1.7 ಅಥವಾ 1.8 ಪಟ್ಟು ಇಡುವುದು ಒಳಿತು. ಗಾತ್ರವನ್ನೂ ಒಂದೆರಡು ಮಾನ ಹೆಚ್ಚಿಸಬೇಕು: ಇಂಗ್ಲಿಷ್ 16 ಇದ್ದಲ್ಲಿ ಕನ್ನಡ 18. ನಮ್ಮ ಅಕ್ಷರಗಳ ಒಳಗಿನ ಸುಳಿಗಳು ಸಣ್ಣ ಗಾತ್ರದಲ್ಲಿ ಮುಚ್ಚಿಹೋಗಿ ಮ, ಯ, ಝ ಎಲ್ಲ ಒಂದೇ ತೆರನಾಗಿ ತೋರುತ್ತವೆ. ಖರೀದಿಯ ನಿರ್ಧಾರ ಕೈಗೊಳ್ಳುವವರು ಬಹುತೇಕ ನಲವತ್ತು ದಾಟಿದವರು, ಚಾಳೀಸು ಬಂದವರು ಎಂಬುದನ್ನೂ ಮರೆಯಬಾರದು.

ಇಂಗ್ಲಿಷಿನಲ್ಲಿ ಶೀರ್ಷಿಕೆಯನ್ನು ಎದ್ದು ಕಾಣಿಸಲು ದೊಡ್ಡಕ್ಷರಗಳಲ್ಲಿ ಬರೆಯುವ ಇಲ್ಲವೇ ಓರೆಯಾಗಿಸುವ ಪದ್ಧತಿ ಇದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಓರೆ ಅಕ್ಷರವು ನಮ್ಮ ಬರವಣಿಗೆಯ ಸಂಪ್ರದಾಯದಲ್ಲಿ ಬಂದದ್ದಲ್ಲ, ಯಂತ್ರವು ಬಲವಂತವಾಗಿ ವಾಲಿಸಿದ ಅಕ್ಷರ ಕಣ್ಣಿಗೆ ಹಿತವಲ್ಲ. ಆದ್ದರಿಂದ ನಮಗೆ ಉಳಿದಿರುವ ಸಾಧನಗಳು ಗಾತ್ರ, ದಪ್ಪ ಮತ್ತು ಸುತ್ತಲಿನ ಖಾಲಿ ಜಾಗ. ಇಷ್ಟೇ ಧಾರಾಳವಾಗಿ ಸಾಕು. ಇನ್ನು ಎರಡೂ ಅಂಚುಗಳಿಗೆ ಸರಿಹೊಂದುವಂತೆ ಸಾಲುಗಳನ್ನು ಎಳೆಯುವ ಕ್ರಮ. ದಿನಪತ್ರಿಕೆಗಳಲ್ಲಿ ಪದವನ್ನು ಮುರಿದು ಅದನ್ನು ಸಾಧಿಸುತ್ತಾರೆ. ಮೊಬೈಲಿನ ಕಿರಿದಾದ ಅಂಕಣದಲ್ಲಿ "ಉತ್ಪಾದಿಸಲಾಗುತ್ತಿರುವುದರಿಂದ" ಎಂಬಂತಹ ನಮ್ಮ ಉದ್ದ ಪದಗಳು ಬಂದಾಗ ಉಳಿದೆರಡು ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಮಾತ್ರ ಸರಿಪಡಿಸಿ ಬಲವನ್ನು ಏರುಪೇರಾಗಿ ಬಿಡುವುದೇ ಮೇಲು.

ಹಳೆಯ ಕರಪತ್ರದ ಬರಹವನ್ನು ಮುದ್ರಣಾಲಯದಿಂದ ಪಡೆದು ಜಾಲತಾಣಕ್ಕೆ ಅಂಟಿಸುವವರು ಒಂದು ಎಚ್ಚರ ವಹಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದದ್ದು ಯುನಿಕೋಡ್ ಅಲ್ಲ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಇದನ್ನು ತಪ್ಪಿಸಲು ಕೆಲವರು ಬರಹವನ್ನೇ ಚಿತ್ರವಾಗಿಸಿ ಹಾಕುತ್ತಾರೆ, ಅದೂ ಹುಡುಕಾಟಕ್ಕೆ ಸಿಗದು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ, ಯುನಿಕೋಡಿಗೆ ಪರಿವರ್ತಿಸಿ ಒಮ್ಮೆ ಓದಿ ತಿದ್ದಿಕೊಳ್ಳಬೇಕು. ಅಕ್ಷರಶೈಲಿಗಳಿಗೂ ಈಗ ಬಡತನವಿಲ್ಲ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟೀರೊ ಕನ್ನಡ ಇವೆಲ್ಲ ಉಚಿತ, ವಾಣಿಜ್ಯ ಬಳಕೆಗೂ ಅನುಮತಿಯುಳ್ಳವು. ಬಾಲೂ ತಮ್ಮ ದಪ್ಪ ಶೀರ್ಷಿಕೆಗೆ ಚೆಂದ, ದೀರ್ಘ ಬರಹಕ್ಕೆ ಅಲ್ಲ. ಒಂದು ತಾಣಕ್ಕೆ ಎರಡು ಶೈಲಿ ಸಾಕು. ಮದುವೆಯ ಕರೆಯೋಲೆಯಂತೆ ಐದಾರು ಬೇಡ.

ಕನ್ನಡದ ಪುಟವನ್ನು ಯಂತ್ರಾನುವಾದದಿಂದ ತುಂಬಿಸುವ ಚಾಳಿಯೂ ಬೆಳೆದಿದೆ. ಎರಕ ಎಂಬ ಅರ್ಥದ ಇಂಗ್ಲಿಷ್ ಪದವು ಒಂದು ತಾಣದಲ್ಲಿ "ಪಾತ್ರ ಹಂಚಿಕೆ" ಎಂದಾಗಿದ್ದುದನ್ನು ಈ ಲೇಖಕ ಕಂಡಿದ್ದಾನೆ. ಸಿನಿಮಾದವರಿಗೆ ಅದು ಸರಿ.

ಬಣ್ಣ

ಬಣ್ಣಗಳ ಬಗ್ಗೆ ಹೇಳಬೇಕಾದದ್ದು ಕಡಿಮೆ. ನಿಮ್ಮ ಲಾಂಛನದ ಒಂದು ಬಣ್ಣ, ಮುಖ್ಯ ಗುಂಡಿಗಳಿಗೆ ಎದ್ದು ಕಾಣುವ ಇನ್ನೊಂದು ಬಣ್ಣ, ಉಳಿದೆಲ್ಲ ಬಿಳಿ ಮತ್ತು ಕಪ್ಪಿಗೆ ಸಮೀಪದ ಬಣ್ಣಗಳು. ಎರಡನೆಯ ಬಣ್ಣವನ್ನು ಒತ್ತಬೇಕಾದ ಗುಂಡಿಗಳ ಹೊರತು ಬೇರೆಲ್ಲಿಯೂ ಬಳಸಬಾರದು. ಎಲ್ಲೆಡೆ ಕೆಂಪಿದ್ದರೆ ಕೆಂಪಿಗೆ ಬೆಲೆಯಿಲ್ಲ.

ಅಕ್ಷರ ಮತ್ತು ಹಿನ್ನೆಲೆಗಳ ನಡುವಣ ವ್ಯತ್ಯಾಸಕ್ಕೆ ಮಾತ್ರ ಖಚಿತವಾದ ಅಳತೆಯಿದೆ. ಅಂತರ್ಜಾಲದ ಸುಲಭ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯು 2008ರಿಂದ ಸಾಮಾನ್ಯ ಬರಹಕ್ಕೆ ಕನಿಷ್ಠ 4.5ಕ್ಕೆ 1 ಎಂಬ ಪ್ರಮಾಣವನ್ನೂ ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಎಂಬುದನ್ನೂ ನಿಗದಿಪಡಿಸಿದೆ. ಬಿಳಿಯ ಮೇಲೆ ಅಚ್ಚ ಕಪ್ಪಿನ ಪ್ರಮಾಣ 21. ಈಚೆಗೆ ಫ್ಯಾಷನ್ ಆಗಿರುವ 999999 ಸಂಕೇತದ ತೆಳುಬೂದು ಬಣ್ಣದ್ದು 3ಕ್ಕಿಂತ ಕಡಿಮೆ. ಬೂದು ಬೇಕೇಬೇಕೆಂದರೆ 767676 ಅಥವಾ ಅದಕ್ಕಿಂತ ಗಾಢವಾದದ್ದು ಇರಲಿ, ಅಲ್ಲಿಗೆ 4.5ರ ಗೆರೆ ದಾಟುತ್ತದೆ. ಬಿಳಿಯ ಮೇಲೆ ಅಚ್ಚ ಹಳದಿ ಒಂದಕ್ಕಿಂತ ಸ್ವಲ್ಪವೇ ಹೆಚ್ಚು, ಎಂದರೆ ಕಾಣುವುದೇ ಇಲ್ಲ. ಅಚ್ಚ ಕೆಂಪು ಕೂಡ 4ರ ಆಸುಪಾಸಿನಲ್ಲಿ ನಿಲ್ಲುತ್ತದೆಂಬುದು ಹಲವರಿಗೆ ಆಶ್ಚರ್ಯವಾದೀತು. ರಿಯಾಯಿತಿ ದರವನ್ನು ಸಣ್ಣ ಕೆಂಪು ಅಕ್ಷರಗಳಲ್ಲಿ ಬರೆಯುವವರು ಸ್ವಲ್ಪ ಗಾಢವಾದ ಕುಂಕುಮ ವರ್ಣವನ್ನು ಆರಿಸಿಕೊಳ್ಳಬಹುದು.

ಸರಕಿನ ಛಾಯಾಚಿತ್ರ

ಹಣ ಖರ್ಚು ಮಾಡುವುದಿದ್ದರೆ ಛಾಯಾಚಿತ್ರಕ್ಕೆ ಮಾಡಿರಿ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಸಾಧಾರಣ ವಿನ್ಯಾಸದ ತಾಣವೂ ಒಳ್ಳೆಯ ಚಿತ್ರಗಳಿಂದ ಎದ್ದು ನಿಲ್ಲುತ್ತದೆ. ಕೆಟ್ಟ ಚಿತ್ರಗಳಿದ್ದರೆ ಎಷ್ಟು ಬೆಲೆಯ ವಿನ್ಯಾಸವಾದರೂ ವ್ಯರ್ಥ.

ಗ್ರಾಹಕರು ಅಂಗಡಿಯಲ್ಲಿ ಸರಕನ್ನು ಕೈಗೆತ್ತಿಕೊಂಡು ಏನನ್ನು ಪರೀಕ್ಷಿಸುತ್ತಾರೋ ಅದನ್ನು ಚಿತ್ರ ತೋರಿಸಬೇಕು. ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿಯ ಚೀಲಕ್ಕೆ ಕೈಹಾಕಿದವನು ನೋಡುವುದು ಗಾಢ ಕೆಂಪು ಬಣ್ಣವನ್ನು, ಸಿಪ್ಪೆಯ ಸುಕ್ಕನ್ನು. ಎದುರಿನಿಂದ ಫ್ಲ್ಯಾಶ್ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಸುಕ್ಕು ಮಾಯವಾಗಿ, ಗುಂಟೂರಿನ ಕಾಯಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯದಂತಾಗುತ್ತದೆ. ಬೆಳಕು ಪಕ್ಕದಿಂದ ಬಂದರೆ ಪ್ರತಿಯೊಂದು ಸುಕ್ಕಿಗೂ ನೆರಳು ಮೂಡುತ್ತದೆ. ಇಳಕಲ್ ಸೀರೆಯಲ್ಲಿ ಬಲ್ಲವರು ಹುಡುಕುವುದು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿದ ಜಾಗವನ್ನು. ಮಗ್ಗದ ಸೀರೆಗೂ ಯಂತ್ರದ ನಕಲಿಗೂ ಇರುವ ವ್ಯತ್ಯಾಸ ಅಲ್ಲಿ ತಿಳಿಯುತ್ತದೆ. ಆದರೆ ತಾಣಗಳಲ್ಲಿ ಕಾಣುವುದು ಗೊಂಬೆಗೆ ಉಡಿಸಿದ ಇಡೀ ಸೀರೆಯ ದೂರದ ಚಿತ್ರ ಮಾತ್ರ. ಇಡೀ ಸೀರೆ ಒಂದು, ಸೆರಗು ಒಂದು, ಅಂಚು ಒಂದು, ಕೊಂಡಿಯ ಜಾಗ ತೀರ ಹತ್ತಿರದಿಂದ ಒಂದು, ಹೀಗೆ ನಾಲ್ಕಾದರೂ ಇರಲಿ. ಚನ್ನಪಟ್ಟಣದ ಅರಗಿನ ಆಟಿಕೆಗಳ ತೊಂದರೆ ಬೇರೆ. ಅವುಗಳ ಹೊಳಪೇ ಅವುಗಳ ಸೊಗಸು, ಅದೇ ಹೊಳಪಿನಲ್ಲಿ ಕೋಣೆಯ ಟ್ಯೂಬ್‌ಲೈಟು, ಚಿತ್ರ ತೆಗೆಯುವವನ ಅಂಗಿ ಎಲ್ಲ ಪ್ರತಿಬಿಂಬಿಸುತ್ತವೆ. ದೀಪ ಆರಿಸಿ, ಕಿಟಕಿಗೆ ತೆಳುವಾದ ಬಿಳಿಯ ಪಂಚೆಯನ್ನು ಇಳಿಬಿಟ್ಟು, ಎದುರಿಗೆ ಒಂದು ಬಿಳಿಯ ರಟ್ಟನ್ನು ನಿಲ್ಲಿಸಿದರೆ ಪ್ರತಿಬಿಂಬ ಮೃದುವಾಗಿ ಹರಡಿ ಆಟಿಕೆಯ ದುಂಡುತನ ಎದ್ದು ಕಾಣುತ್ತದೆ. ಪಕ್ಕದಲ್ಲಿ ಮಗುವಿನ ಕೈಯೋ ಒಂದು ರೂಪಾಯಿಯ ನಾಣ್ಯವೋ ಇದ್ದರೆ ಗಾತ್ರವೂ ತಿಳಿಯುತ್ತದೆ.

ಕಿಟಕಿಯ ಹಗಲು ಬೆಳಕನ್ನೂ ಹಳದಿ ದೀಪದ ಬೆಳಕನ್ನೂ ಒಂದೇ ಚಿತ್ರದಲ್ಲಿ ಬೆರೆಸಬಾರದು. ಬೆರೆಸಿದರೆ ಬಟ್ಟೆಯ ಒಂದು ಭಾಗ ನೀಲಿಯಾಗಿಯೂ ಇನ್ನೊಂದು ಹಳದಿಯಾಗಿಯೂ ಕಂಡು, ಕೈಸೇರಿದ ಸರಕಿನ ಬಣ್ಣ ಬೇರೆಯಾಯಿತೆಂದು ಮಾಲು ಹಿಂದಿರುಗಿ ಬರುತ್ತದೆ. ಹಿಂದಿರುಗಿ ಬಂದ ಒಂದು ಪಾರ್ಸೆಲ್ಲಿನ ವೆಚ್ಚದಲ್ಲಿ ರಟ್ಟು, ಪಂಚೆ ಎರಡೂ ಬರುತ್ತವೆ.

ಕಾರ್ಖಾನೆಗಳವರು ಕಟ್ಟಡದ ಮುಂಭಾಗವನ್ನೂ ಆಡಳಿತ ನಿರ್ದೇಶಕರ ಕುರ್ಚಿಯನ್ನೂ ತೋರಿಸುವುದಕ್ಕಿಂತ ಯಂತ್ರ, ಕೆಲಸಗಾರ ಮತ್ತು ತಯಾರಾದ ವಸ್ತು ಮೂರೂ ಕಾಣುವ ಚಿತ್ರಗಳನ್ನು ಹಾಕುವುದು ಲೇಸು. ನೆಲ ಗುಡಿಸಿರಲಿ, ಕೆಲಸಗಾರರ ಕಾಲಲ್ಲಿ ಸುರಕ್ಷಾ ಪಾದರಕ್ಷೆ ಇರಲಿ. ಪರದೇಶದ ಖರೀದಿದಾರರು ಎರಕಕ್ಕಿಂತ ಮೊದಲು ಅದನ್ನು ಗಮನಿಸುತ್ತಾರೆ. ನಮ್ಮ ಉದ್ಯಮಿ ಕೈಕುಲುಕುವ ವಿದೇಶೀಯರನ್ನು ತೆಗೆದುಹಾಕಿ, ಆ ಜಾಗದಲ್ಲಿ ತಮ್ಮ ಹಿರಿಯ ಮೌಲ್ಡರು ಅಚ್ಚನ್ನು ಸರಿಪಡಿಸುತ್ತಿರುವ ಚಿತ್ರವನ್ನು ಹಾಕಿದರು. ಮೂವತ್ತು ವರ್ಷ ದುಡಿದ ಆ ಕೆಲಸಗಾರರು ತಮ್ಮ ಮೊಮ್ಮಕ್ಕಳಿಗೆ ಅದನ್ನು ತೋರಿಸಿದರಂತೆ.

ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಇದ್ದಹಾಗೆಯೇ ಏರಿಸುವುದು ಬಹುಸಾಮಾನ್ಯವಾದ ತಪ್ಪು. 12 ಮೆಗಾಪಿಕ್ಸೆಲಿನ ಚಿತ್ರ 4,000 ಚುಕ್ಕೆಗಳಷ್ಟು ಅಗಲವಿದ್ದು ಮೂರು ನಾಲ್ಕು ಎಂ.ಬಿ. ತೂಗುತ್ತದೆ; ಅದನ್ನು ತೋರಿಸುವ ಮೊಬೈಲಿನ ಪರದೆಯ ಅಗಲ ಸಾಮಾನ್ಯವಾಗಿ 1,080 ಚುಕ್ಕೆಗಳು. ಅಗಲವನ್ನು 1,200ಕ್ಕೆ ಇಳಿಸಿ ಮಧ್ಯಮ ಸಾಂದ್ರತೆಯಲ್ಲಿ ಉಳಿಸಿಕೊಂಡರೆ ಅದೇ ಚಿತ್ರ 200 ಕೆ.ಬಿ.ಯ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತು ಚಿತ್ರಗಳ ಪುಟ 40 ಎಂ.ಬಿ.ಯ ಬದಲು 2 ಎಂ.ಬಿ. ಆಗುತ್ತದೆ. ಪುಟದ ಮುಖ್ಯ ಭಾಗವು ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಸಂಸ್ಥೆಯ ಮಾನದಂಡ. ಆ ಸಂಸ್ಥೆಯ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ನಿಮ್ಮ ವಿಳಾಸ ನಮೂದಿಸಿದರೆ ಎಷ್ಟು ಹೊತ್ತಾಗುತ್ತದೆ, ಯಾವ ಚಿತ್ರ ಭಾರವಾಗಿದೆ ಎಂಬುದೆಲ್ಲ ತಿಳಿಯುತ್ತದೆ.

ಬೇರೆಯವರ ಚಿತ್ರಗಳನ್ನು ಅಂತರ್ಜಾಲದಿಂದ ಎತ್ತಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ. ಹಣ ಕೊಟ್ಟು ನೀವು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಪ್ರಥಮ ಒಡೆಯರು ನೀವೇ. ಆದರೂ ಕರಾರಿನಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮ.

ಕೋಷ್ಟಕ, ಖಾಲಿ ಜಾಗ, ಕಾನೂನು

ತಯಾರಕರ ತಾಣಗಳಲ್ಲಿ ಖರೀದಿದಾರರು ನಿಜಕ್ಕೂ ಓದುವುದು ಕೋಷ್ಟಕವನ್ನು. ಎಫ್‌ಜಿ 200, ಎಫ್‌ಜಿ 260 ಮುಂತಾದ ಕಬ್ಬಿಣದ ದರ್ಜೆಗಳು, ತೂಕದ ಮಿತಿ, ತಿಂಗಳ ಸಾಮರ್ಥ್ಯ, ಮಷೀನಿಂಗ್ ಸೌಲಭ್ಯ, ತಪಾಸಣೆಯ ಉಪಕರಣಗಳು ಇವನ್ನೆಲ್ಲ ಉದ್ದನೆಯ ಪ್ಯಾರಾದೊಳಗೆ ಹುದುಗಿಸಿಟ್ಟರೆ ಹುಡುಕುವ ತಾಳ್ಮೆ ಯಾರಿಗೂ ಇರದು. ಕೋಷ್ಟಕದಲ್ಲಿ ಅಂಕಿಗಳು ಬಲಕ್ಕೆ ಸಾಲಾಗಿರಲಿ, ಖಾತೆ ಪುಸ್ತಕದಲ್ಲಿರುವಂತೆ. ಬಿಡಿ, ಹತ್ತು, ನೂರುಗಳು ಒಂದರ ಕೆಳಗೊಂದು ಬಂದರೆ ಮಾತ್ರ ಹೋಲಿಸಲು ಬರುತ್ತದೆ. ಪ್ರತಿ ಮನೆಯ ಸುತ್ತಲೂ ದಪ್ಪ ಗೆರೆ ಬೇಡ, ಸಾಲುಗಳ ನಡುವೆ ತೆಳುಗೆರೆ ಸಾಕು.

ಪುಟದಲ್ಲಿ ಖಾಲಿ ಉಳಿದ ಜಾಗವನ್ನು ಕಂಡರೆ ನಮಗೆ ಬಾಡಿಗೆ ಕೊಟ್ಟ ಗೋದಾಮು ಬರಿದಾಗಿರುವಂತೆ ಸಂಕಟವಾಗುತ್ತದೆ. ಅಕ್ಕಸಾಲಿಗರ ಅಂಗಡಿಯ ಗಾಜಿನ ಕಪಾಟನ್ನು ನೆನಪಿಸಿಕೊಳ್ಳಿರಿ: ನೀಲಿ ಮಖಮಲ್ಲಿನ ಮೇಲೆ ಒಂದೇ ಹಾರ. ನೂರು ಹಾರಗಳು ಒಳಗಿವೆ ಎಂಬುದು ಎಲ್ಲರಿಗೂ ಗೊತ್ತು.

ತಾಣದ ಮೂಲಕವೇ ಮಾರಾಟ ಮಾಡುವವರಿಗೆ ಕೆಲವು ವಿವರಗಳನ್ನು ಎದ್ದು ಕಾಣುವಂತೆ ಹಾಕುವುದು ಶಾಸನದ ಅಗತ್ಯವೂ ಆಗಿದೆ. 2020ರ ಗ್ರಾಹಕರ ರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕದ ವಿವರ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಹುದ್ದೆ ಪ್ರಕಟವಾಗಿರಬೇಕು. ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಪೊಟ್ಟಣದ ಸರಕುಗಳಿಗೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ಮುಂತಾದ ಘೋಷಣೆಗಳನ್ನು 2018ರ ಜನವರಿ 1ರಿಂದ ಪರದೆಯ ಮೇಲೂ ತೋರಿಸಬೇಕಾಗಿದೆ. ಇವನ್ನು ತೆಳುಬೂದು ಬಣ್ಣದ ಇರುವೆಯಂಥ ಅಕ್ಷರಗಳಲ್ಲಿ ಪುಟದ ತಳಕ್ಕೆ ತಳ್ಳುವವರು ಯೋಚಿಸಬೇಕು. ಪೂರ್ಣ ವಿಳಾಸ, ಜಿಎಸ್‌ಟಿ ಸಂಖ್ಯೆ, ಸ್ಥಿರ ದೂರವಾಣಿ ಸ್ಪಷ್ಟವಾಗಿ ಕಂಡಷ್ಟೂ ಅಪರಿಚಿತ ಗ್ರಾಹಕರ ಧೈರ್ಯ ಹೆಚ್ಚುತ್ತದೆ. ವಿಳಾಸಪಟ್ಟಿಯಲ್ಲಿ "ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಕಾಣುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿರಿ. ಗೂಢಲಿಪೀಕರಣವಿಲ್ಲದ ತಾಣಗಳಿಗೆ ಕ್ರೋಮ್ 2018ರ ಜುಲೈನಿಂದ ಈ ಹಣೆಪಟ್ಟಿ ಹಚ್ಚುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ.

ಕೆಲಸ ಒಪ್ಪಿಸುವಾಗ

ವಿನ್ಯಾಸಕರಿಗೆ "ಚೆನ್ನಾಗಿ ಮಾಡಿಕೊಡಿ" ಎಂದಷ್ಟೇ ಹೇಳಿದರೆ ಅವರಿಗೆ ಚೆನ್ನಾದದ್ದು ಬರುತ್ತದೆ. ನಿಮ್ಮ ಗ್ರಾಹಕರು ಯಾರು, ದೂರವಾಣಿಯಲ್ಲಿ ಅವರು ಮೊದಲು ಕೇಳುವ ಐದು ಪ್ರಶ್ನೆಗಳು ಯಾವುವು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿರಿ. ಕಚೇರಿಯಲ್ಲಿ ಕರೆ ಸ್ವೀಕರಿಸುವ ಗುಮಾಸ್ತರಿಗೆ ಇದು ಮಾಲೀಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪುಟಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು ಆ ಹಾಳೆಯಿಂದಲೇ ಹೊರಡುತ್ತದೆ. ಲಾಂಛನವನ್ನು ವಿಸಿಟಿಂಗ್ ಕಾರ್ಡಿನಿಂದ ಫೋಟೋ ತೆಗೆದು ಕಳುಹಿಸಬೇಡಿರಿ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ರೇಖಾರೂಪದ ಮೂಲ ಕಡತವನ್ನು ಮುದ್ರಣಾಲಯದಿಂದ ಕೇಳಿ ಪಡೆಯಿರಿ, ಇಲ್ಲದಿದ್ದರೆ ಒಮ್ಮೆ ಹೊಸದಾಗಿ ಬರೆಯಿಸಿರಿ.

ಸಿದ್ಧವಾದ ಮೇಲೆ, ನಿಮ್ಮ ವ್ಯವಹಾರವನ್ನು ಅರಿಯದ ಮೂರ್ನಾಲ್ಕು ಜನರ ಕೈಗೆ ಮೊಬೈಲು ಕೊಟ್ಟು ಒಂದು ಕೆಲಸ ಹೇಳಿರಿ: "ಇವರು 40 ಕಿಲೋ ಎರಕ ಮಾಡುತ್ತಾರೆಯೇ ನೋಡಿ, ಮಾಡುವುದಾದರೆ ಫೋನು ಮಾಡಿ." ಆಮೇಲೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಇದೇ ಕಷ್ಟದ ಭಾಗ. ಅವರ ಬೆರಳು ಎಲ್ಲಿ ತಡವರಿಸುತ್ತದೆ, ಎಲ್ಲಿ ಹುಬ್ಬು ಗಂಟಾಗುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ ತಿದ್ದಬೇಕಾದ ಪಟ್ಟಿ ಸಿದ್ಧ. ನಮ್ಮ ಉದ್ಯಮಿಯ ತಾಣವನ್ನು ಹೀಗೆ ಪರೀಕ್ಷಿಸಿದಾಗ, ನಾಲ್ವರಲ್ಲಿ ಮೂವರು ದೂರವಾಣಿ ಗುಂಡಿಯನ್ನು ಬಿಟ್ಟು ಲಾಂಛನವನ್ನೇ ಒತ್ತುತ್ತಿದ್ದರು. ಎರಡೂ ಒಂದೇ ಹಸಿರು ಬಣ್ಣದಲ್ಲಿದ್ದುದೇ ಕಾರಣ. ಗುಂಡಿಯ ಬಣ್ಣವನ್ನು ಬದಲಿಸಲು ಹತ್ತು ನಿಮಿಷ ಸಾಕಾಯಿತು.

ತಾಣದ ವಿಳಾಸ ವಿನ್ಯಾಸಕರ ಹೆಸರಿನಲ್ಲಲ್ಲದೆ ನಿಮ್ಮ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ, ಗುಪ್ತಪದಗಳು ನಿಮ್ಮ ಬಳಿ ಇರಲಿ. ಪ್ರತಿ ತಿಂಗಳ ಮೊದಲ ವಾರ ಬಾಕಿ ವಸೂಲಿಯ ಪಟ್ಟಿ ನೋಡುವ ದಿನವೇ ಮೊಬೈಲಿನಲ್ಲಿ ಜಾಲತಾಣವನ್ನೂ ಒಮ್ಮೆ ತೆರೆದು, ನಿಮ್ಮದೇ ಸಂಖ್ಯೆಗೆ ಕರೆ ಮಾಡಿ ನೋಡಿರಿ. ಉದ್ಯಮಬಾಗದ ಆ ಫೌಂಡ್ರಿಯಲ್ಲಿ ಈಗ ಈ ಕೆಲಸ ಸ್ಟೋರ್ ಕೀಪರಿನ ಪಾಲಿಗೆ ಬಂದಿದೆ. ಪುಣೆಯ ಕಂಪನಿಯಿಂದ ಕಳೆದ ವರ್ಷ ಮತ್ತೊಂದು ಕೊಟೇಶನ್ ಕೋರಿಕೆ ಬಂದಿತು. ದರ ಹೊಂದದೆ ಆ ಆರ್ಡರು ಸಿಗಲಿಲ್ಲ, ಆದರೆ ಈ ಸಲ ಕಾರ್ಖಾನೆ ಮುಚ್ಚಿದೆಯೆಂದು ಯಾರೂ ತಿಳಿದಿರಲಿಲ್ಲ.